ರಾಜ್ಯದ ಟಿಎಫ್‌ಆರ್ 1.7, ಆದರೂ ಜನಸಂಖ್ಯೆ ಏರುತ್ತಿದೆ: ತಾಲ್ಲೂಕಿನ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಹಳ್ಳಿಲೆಕ್ಕ

ಹೊಸದಾಗಿ ರಚನೆಯಾದ ತಾಲ್ಲೂಕೊಂದರ ಯೋಜನಾ ಟಿಪ್ಪಣಿಗೆ ಜನಸಂಖ್ಯೆಯ ಅಂಕಿಗಳನ್ನು ಜೋಡಿಸುತ್ತಿದ್ದೇನೆ. ಅಂಗನವಾಡಿ, ಶಾಲಾ ಕೊಠಡಿ, ಕುಡಿಯುವ ನೀರು, ಎಲ್ಲಕ್ಕೂ ತಲೆಲೆಕ್ಕವೇ ಆಧಾರ. ಆದರೆ ಒಂದು ಕಡೆಯ ಅಂಕಿ ಇನ್ನೊಂದು ಕಡೆಯದಕ್ಕೆ ತಾಳೆಯಾಗುತ್ತಿಲ್ಲ. ಮೂರು ಪ್ರಶ್ನೆಗಳಿವೆ.

ಒಂದು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ, ಅಂದರೆ ಟಿಎಫ್‌ಆರ್, 1.7. ಇದು ಬದಲಿ ಮಟ್ಟವಾದ 2.1ಕ್ಕಿಂತ ಕೆಳಗಿಳಿದರೆ ಜನಸಂಖ್ಯೆ ಕುಗ್ಗಬೇಕು ತಾನೆ? ಆದರೆ ಮಾದರಿ ನೋಂದಣಿ ಪದ್ಧತಿಯ (ಎಸ್‌ಆರ್‌ಎಸ್) 2020ರ ಅಂಕಿ ನೋಡಿದರೆ ರಾಜ್ಯದ ಜನನ ಪ್ರಮಾಣ ಸಾವಿರಕ್ಕೆ 16.5, ಮರಣ ಪ್ರಮಾಣ 6.2. ಸಾವಿರಕ್ಕೆ ಹತ್ತು ಜನ ಪ್ರತಿ ವರ್ಷ ಹೆಚ್ಚುತ್ತಿದ್ದಾರೆ. ಯಾವುದನ್ನು ನಂಬಬೇಕು?

ಎರಡು, 2021ರ ಜನಗಣತಿ ನಡೆಯಲಿಲ್ಲ. ಕೈಯಲ್ಲಿರುವುದು 2011ರದ್ದು ಮಾತ್ರ. 2001-11ರ ಬೆಳವಣಿಗೆ ದರವನ್ನೇ ಮುಂದಕ್ಕೆ ಎಳೆದರೆ ನಡೆಯುತ್ತದೆಯೇ?

ಮೂರು, ಜನನ ನೋಂದಣಿಯಿಂದ ಜನನ ಪ್ರಮಾಣ ತೆಗೆದರೆ ಜಿಲ್ಲಾ ಕೇಂದ್ರದ ತಾಲ್ಲೂಕಿಗೆ ನಂಬಲಾಗದಷ್ಟು ಹೆಚ್ಚು ಬರುತ್ತದೆ, ನಮ್ಮದಕ್ಕೆ ನಂಬಲಾಗದಷ್ಟು ಕಡಿಮೆ. ಎಲ್ಲಿ ತಪ್ಪುತ್ತಿದೆ?

ಸೂತ್ರಗಳೊಂದಿಗೆ, ಒಂದೆರಡು ಉದಾಹರಣೆ ಕೊಟ್ಟು ವಿವರಿಸಿದರೆ ಉಪಕಾರವಾಗುತ್ತದೆ.


ಉತ್ತರ: ಮಧ್ಯವರ್ಷ

ಮೊದಲ ಪ್ರಶ್ನೆಗೆ ಉತ್ತರ: ಎರಡೂ ಸರಿ. ಅವು ಅಳೆಯುವ ಸಂಗತಿಗಳೇ ಬೇರೆ.

ಟಿಎಫ್‌ಆರ್ ಎಂದರೆ ಈ ವರ್ಷದ ವಯಸ್ಸುವಾರು ಜನನ ದರಗಳೇ ಜೀವನವಿಡೀ ಮುಂದುವರಿದರೆ ಒಬ್ಬ ಮಹಿಳೆ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬ ಲೆಕ್ಕ. ಊರಿನಲ್ಲಿ ಹೆರುವ ವಯಸ್ಸಿನವರು ಎಷ್ಟು ಮಂದಿ ಇದ್ದಾರೆ ಎಂಬುದು ಅದರೊಳಗೆ ಬರುವುದೇ ಇಲ್ಲ. ಜನನ ಪ್ರಮಾಣ ಹಾಗಲ್ಲ. ಮುದುಕರು, ಮಕ್ಕಳು, ಗಂಡಸರು ಎಲ್ಲರನ್ನೂ ಸೇರಿಸಿದ ಒಟ್ಟು ಜನಸಂಖ್ಯೆಯಿಂದ ಆ ವರ್ಷದ ಜನನಗಳನ್ನು ಭಾಗಿಸುತ್ತೇವೆ. ಹೀಗಾಗಿ ಯುವತಿಯರು ಹೆಚ್ಚಿರುವ ಊರಿನಲ್ಲಿ ಟಿಎಫ್‌ಆರ್ ಕಡಿಮೆಯಿದ್ದರೂ ಜನನ ಪ್ರಮಾಣ ಎತ್ತರದಲ್ಲೇ ಇರುತ್ತದೆ.

ಇವತ್ತು ಕರ್ನಾಟಕದಲ್ಲಿ ಹೆರುತ್ತಿರುವವರು ಹೆಚ್ಚುಕಡಿಮೆ 1985ರಿಂದ 2005ರ ನಡುವೆ ಹುಟ್ಟಿದವರು. ಆಗಿನ ಕುಟುಂಬಗಳು ಈಗಿನದಕ್ಕಿಂತ ದೊಡ್ಡವು. 1992-93ರ ಮೊದಲ ಸುತ್ತಿನ ಕುಟುಂಬ ಸಮೀಕ್ಷೆಯಲ್ಲಿ ರಾಜ್ಯದ ಟಿಎಫ್‌ಆರ್ 2.9ರ ಹತ್ತಿರವಿತ್ತು. ಆ ದೊಡ್ಡ ತಲೆಮಾರು ತಲಾ ಒಂದೂವರೆ, ಒಂದು ಮುಕ್ಕಾಲು ಮಗುವಿನಂತೆ ಹೆತ್ತರೂ ಒಟ್ಟು ಜನನ ದೊಡ್ಡದೇ ಆಗುತ್ತದೆ. ಇನ್ನೊಂದು ಕಡೆ, ಸಾವಿನ ವಯಸ್ಸು ತಲುಪಿದ ತಲೆಮಾರು ಚಿಕ್ಕದು. ಆದ್ದರಿಂದ ಸಾವಿನ ಸಂಖ್ಯೆ ಕಡಿಮೆ. ಇದನ್ನೇ ಜನಸಂಖ್ಯಾಶಾಸ್ತ್ರದಲ್ಲಿ ಆವೇಗ ಎನ್ನುತ್ತಾರೆ.

ತಲೆಗಳಲ್ಲಿ ಹೇಳುವುದಾದರೆ: 2020ರ ಸುಮಾರಿಗೆ ರಾಜ್ಯದಲ್ಲಿ 6.68 ಕೋಟಿ ಜನ ಎಂದಿಟ್ಟುಕೊಳ್ಳಿ. ಸಾವಿರಕ್ಕೆ 16.5ರಂತೆ ವರ್ಷಕ್ಕೆ ಸುಮಾರು 11 ಲಕ್ಷ ಜನನ. 6.2ರಂತೆ 4.1 ಲಕ್ಷ ಸಾವು. ವಲಸೆ ಬಿಟ್ಟು ನಿವ್ವಳ ಏರಿಕೆ 6.9 ಲಕ್ಷ. ಅರವತ್ತು ದಾಟಿದವರ ಪಾಲು ಹೆಚ್ಚಿದಂತೆ ಮರಣ ಪ್ರಮಾಣ ತಾನಾಗಿಯೇ ಮೇಲೇರುತ್ತದೆ, ಜನನ, ಮರಣಗಳ ಎರಡು ಗೆರೆಗಳು ಹತ್ತಿರವಾಗುತ್ತವೆ. ಇಡೀ ದೇಶದ ಮಟ್ಟಿಗೆ ವಿಶ್ವಸಂಸ್ಥೆಯ 2024ರ ಮುನ್ನಂದಾಜು ಏನೆಂದರೆ, 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ಮುಟ್ಟಿ ಆಮೇಲೆ ಇಳಿಯುವುದು. ದೇಶದ ಟಿಎಫ್‌ಆರ್ ಐದನೇ ಸುತ್ತಿನಲ್ಲೇ 2.0ಕ್ಕೆ ಇಳಿದಿತ್ತು. ಅಲ್ಲಿಂದ ಶಿಖರಕ್ಕೆ ಸುಮಾರು ನಲವತ್ತು ವರ್ಷ. ಆವೇಗದ ಬಲ ಅಷ್ಟಿದೆ.

2.1 ಎಂಬ ಬದಲಿ ಮಟ್ಟವನ್ನೂ ಕಲ್ಲಿನ ಮೇಲೆ ಕೆತ್ತಿದ್ದು ಎಂದುಕೊಳ್ಳಬೇಡಿ. ಒಬ್ಬ ತಾಯಿಯ ಜಾಗಕ್ಕೆ ಹೆರುವ ವಯಸ್ಸಿನವರೆಗೆ ಬದುಕುಳಿಯುವ ಒಬ್ಬ ಮಗಳು ಬರಬೇಕು ಎಂಬುದು ಅದರ ಅರ್ಥ. ಹುಟ್ಟುವಾಗ 100 ಹೆಣ್ಣಿಗೆ 105 ಗಂಡು, ಬದುಕುಳಿಯುವಿಕೆ ಶೇ. 98 ಇದ್ದರೆ 2.05ನ್ನು 0.98ರಿಂದ ಭಾಗಿಸಿ, 2.09 ಬರುತ್ತದೆ. ಪುಸ್ತಕದ 2.1 ಇದೇ. ಭಾರತದಲ್ಲಿ ಐದನೇ ಸುತ್ತಿನ ಪ್ರಕಾರ ಹುಟ್ಟುವಾಗಿನ ಲಿಂಗಾನುಪಾತ 1,000 ಗಂಡಿಗೆ 929 ಹೆಣ್ಣು. ಹುಟ್ಟಿದ ಮಕ್ಕಳಲ್ಲಿ ಹೆಣ್ಣಿನ ಪಾಲು 929/1,929, ಅಂದರೆ 0.4816. ಹೆರುವ ವಯಸ್ಸಿಗೆ ಶೇ. 95 ಹೆಣ್ಣುಮಕ್ಕಳು ಉಳಿಯುತ್ತಾರೆ ಎಂದು ಹಿಡಿದರೆ ಬದಲಿ ಮಟ್ಟ 1 ಭಾಗಿಸು (0.4816 × 0.95), ಸುಮಾರು 2.19. ಹೆಣ್ಣು ಭ್ರೂಣಹತ್ಯೆ ಹೆಚ್ಚಿದ್ದಷ್ಟೂ ಈ ಅಂಕಿ ಮೇಲೆ ಹೋಗುತ್ತದೆ. ಹುಟ್ಟಬೇಕಾಗಿದ್ದ ಹೆಣ್ಣುಮಕ್ಕಳನ್ನು ಕಳೆದುಕೊಂಡ ಲೆಕ್ಕ ಈ ದಶಮಾಂಶದಲ್ಲೂ ಕಾಣುತ್ತದೆ ಎಂಬುದನ್ನು ವರದಿ ಬರೆಯುವವರು ಮರೆಯಬಾರದು.


ಉತ್ತರ: ಗಣತಿಪ್ರಿಯ

ಎರಡನೇ ಪ್ರಶ್ನೆಗೆ ಬರುತ್ತೇನೆ. ಹಳೆಯ ದರವನ್ನೇ ಎಳೆಯುವುದು ಬೇಡ. ಕಾರಣ ಹೇಳುವ ಮೊದಲು ದರ ತೆಗೆಯುವುದರಲ್ಲೇ ಆಗುವ ತಪ್ಪನ್ನು ನೋಡೋಣ.

ಕರ್ನಾಟಕ 2001ರಲ್ಲಿ 5,28,50,562. 2011ರಲ್ಲಿ 6,10,95,297. ದಶಕದ ಏರಿಕೆ ಶೇ. 15.6. ಇದನ್ನು ಹತ್ತರಿಂದ ಭಾಗಿಸಿ ವರ್ಷಕ್ಕೆ ಶೇ. 1.56 ಎಂದು ಬರೆಯುವುದು ಎಲ್ಲೆಡೆ ಕಾಣುವ ತಪ್ಪು. ಪ್ರತಿ ವರ್ಷದ ಏರಿಕೆ ಹಿಂದಿನ ವರ್ಷದ ಏರಿಕೆಯನ್ನೂ ಒಳಗೊಂಡ ಮೊತ್ತದ ಮೇಲೆ ಆಗುತ್ತದೆ, ಚಕ್ರಬಡ್ಡಿಯ ಹಾಗೆ. ಸರಿಯಾದ ಕ್ರಮ: ಈಚಿನ ಗಣತಿಯನ್ನು ಹಿಂದಿನ ಗಣತಿಯಿಂದ ಭಾಗಿಸಿ, ಅದರ ಸಹಜ ಲಾಗರಿದಮ್ ತೆಗೆದು, ನಡುವಿನ ವರ್ಷಗಳಿಂದ ಭಾಗಿಸಬೇಕು. ಎಕ್ಸೆಲ್‌ನಲ್ಲಿ ಎಲ್‌ಎನ್ ಫಂಕ್ಷನ್ ಇದನ್ನು ಮಾಡುತ್ತದೆ. ಇಲ್ಲಿ 1.156ರ ಲಾಗ್ 0.145, ಹತ್ತರಿಂದ ಭಾಗಿಸಿದರೆ ವರ್ಷಕ್ಕೆ ಶೇ. 1.45. ಈ ದರದಲ್ಲಿ ಜನಸಂಖ್ಯೆ ಇಮ್ಮಡಿಯಾಗಲು 0.693ನ್ನು 0.0145ರಿಂದ ಭಾಗಿಸಿ, ಸುಮಾರು 48 ವರ್ಷ. ಆದರೆ ದರ ಇಳಿಯುತ್ತಿರುವಾಗ ಇಮ್ಮಡಿ ಅವಧಿಯನ್ನು ಬರೆಯುವುದರಿಂದ ಓದುವವರು ಸುಮ್ಮನೆ ಗಾಬರಿಯಾಗುತ್ತಾರೆ ಅಷ್ಟೆ. ಟಿಪ್ಪಣಿಯಲ್ಲಿ ಅದು ಬೇಕಿಲ್ಲ.

ಈಗ ಎಳೆಯಬಾರದು ಎಂದದ್ದು ಏಕೆ? ದೇಶದ ದಶಕದ ಬೆಳವಣಿಗೆ 1961-71ರಲ್ಲಿ ಶೇ. 24.8, 1981-91ರಲ್ಲಿ 23.87, 1991-2001ರಲ್ಲಿ 21.54, 2001-11ರಲ್ಲಿ 17.7. ಇಳಿಕೆ ನಿಂತಿಲ್ಲ. ರಾಷ್ಟ್ರೀಯ ಜನಸಂಖ್ಯಾ ಆಯೋಗದ ತಾಂತ್ರಿಕ ಗುಂಪು 2020ರಲ್ಲಿ ಕೊಟ್ಟ ಮುನ್ನಂದಾಜು ಕರ್ನಾಟಕಕ್ಕೆ 2021ರಲ್ಲಿ ಸುಮಾರು 6.68 ಕೋಟಿ. ಅಂದರೆ 2011-21ರಲ್ಲಿ ವಾರ್ಷಿಕ ದರ ಶೇ. 0.9ರ ಆಸುಪಾಸು. 1.45ನ್ನೇ ಎಳೆದರೆ 7 ಕೋಟಿ ದಾಟುತ್ತದೆ. ರಾಜ್ಯಕ್ಕೇ ಸುಮಾರು 38 ಲಕ್ಷ ತಲೆ ಹೆಚ್ಚು ಬರೆದಂತೆ.

ತಾಲ್ಲೂಕಿಗೆ ಪಾಲಿನ ವಿಧಾನ ಬಳಸಿ. ಲೆಕ್ಕ ತೋರಿಸಲು ಒಂದು ಕಾಲ್ಪನಿಕ ತಾಲ್ಲೂಕು ಹಿಡಿಯೋಣ: 2001ರಲ್ಲಿ 2,00,000, 2011ರಲ್ಲಿ 2,10,000.

ರಾಜ್ಯದಲ್ಲಿ ಅದರ ಪಾಲು 2001ರಲ್ಲಿ ಶೇ. 0.3784, 2011ರಲ್ಲಿ ಶೇ. 0.3437. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.908. ಪಾಲು ಅದೇ ವೇಗದಲ್ಲಿ ಇಳಿಯುತ್ತದೆ ಎಂದುಕೊಂಡರೆ 2021ರಲ್ಲಿ ಶೇ. 0.3122. ಇದನ್ನು 6.68 ಕೋಟಿಯಿಂದ ಗುಣಿಸಿ: ಸುಮಾರು 2,08,600. ಹಳೆಯ ಶೇ. 5ರ ಏರಿಕೆಯನ್ನೇ ಎಳೆದಿದ್ದರೆ 2,20,500 ಬರುತ್ತಿತ್ತು. ಬೆಳೆಯುತ್ತಿದೆ ಎಂದುಕೊಂಡ ತಾಲ್ಲೂಕು ನಿಜವಾಗಿ ಸ್ವಲ್ಪ ಕುಗ್ಗಿರಬಹುದು. ನೀರಿನ ಯೋಜನೆಗೆ ಹನ್ನೆರಡು ಸಾವಿರ ತಲೆಯ ವ್ಯತ್ಯಾಸ ಸಣ್ಣದಲ್ಲ.

ಜಿಲ್ಲೆಯ ಎಲ್ಲ ತಾಲ್ಲೂಕುಗಳಿಗೂ ಇದೇ ಮಾಡಿ, ಕೊನೆಗೆ ಮೊತ್ತ ಜಿಲ್ಲೆಯ ಅಂದಾಜಿಗೆ ಸರಿಹೊಂದುವಂತೆ ಎಲ್ಲವನ್ನೂ ಒಂದೇ ಅನುಪಾತದಲ್ಲಿ ತಿದ್ದಬೇಕು. ಈ ಹೊಂದಾಣಿಕೆ ಬಿಟ್ಟರೆ ಎಲ್ಲ ತಾಲ್ಲೂಕುಗಳ ಪಾಲು ಸೇರಿ ನೂರಕ್ಕೆ ನೂರಾಗುವುದಿಲ್ಲ.

ನಿಮ್ಮದು ಹೊಸ ತಾಲ್ಲೂಕು ಎಂದಿದ್ದೀರಿ. ಇಲ್ಲೇ ನಿಜವಾದ ಕೆಲಸವಿರುವುದು. 2011ರ ಗಣತಿಯಲ್ಲಿ ರಾಜ್ಯಕ್ಕೆ 176 ತಾಲ್ಲೂಕು. ಹನೂರು ಆಗ ಕೊಳ್ಳೇಗಾಲದೊಳಗೆ, ರಟ್ಟೀಹಳ್ಳಿ ಹಿರೇಕೆರೂರಿನೊಳಗೆ. ಹೊಸ ತಾಲ್ಲೂಕಿನ 2011ರ ಅಂಕಿ ಎಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಸರ್ಕಾರದ ಅಧಿಸೂಚನೆಯಲ್ಲಿರುವ ಹೋಬಳಿ ಮತ್ತು ಗ್ರಾಮಗಳ ಪಟ್ಟಿ ಹಿಡಿದು, ಜನಗಣತಿಯ ಪ್ರಾಥಮಿಕ ಸಾರಾಂಶದ (ಪಿಸಿಎ) ಗ್ರಾಮವಾರು ಕಡತದಿಂದ ಒಂದೊಂದೇ ಊರನ್ನು ಕೂಡಿಸಬೇಕು. ಊರ ಹೆಸರಿನಿಂದ ಹುಡುಕಬೇಡಿ, ಗ್ರಾಮ ಸಂಕೇತ ಸಂಖ್ಯೆಯಿಂದ ಹುಡುಕಿ. ಒಂದೇ ಜಿಲ್ಲೆಯಲ್ಲಿ ಹೊಸಹಳ್ಳಿಗಳೇ ಹಲವು ಇರುತ್ತವೆ. 2001ರ ಮತ್ತು 2011ರ ಸಂಕೇತಗಳು ಬೇರೆ ಬೇರೆ ಎಂಬುದೂ ನೆನಪಿರಲಿ. ಬೇಚಿರಾಕ್ ಗ್ರಾಮಗಳು ಸೊನ್ನೆ ಜನಸಂಖ್ಯೆಯೊಂದಿಗೆ ಪಟ್ಟಿಯಲ್ಲಿ ಇರುತ್ತವೆ, ಅಳಿಸಬೇಡಿ. ಆ ಸಾಲುಗಳಿಲ್ಲದಿದ್ದರೆ ಗ್ರಾಮಗಳ ಎಣಿಕೆ ಅಧಿಸೂಚನೆಗೆ ಹೊಂದದೆ, ಯಾವ ಊರು ತಪ್ಪಿದೆ ಎಂದು ಇಡೀ ಪಟ್ಟಿಯನ್ನು ಮತ್ತೆ ತಡಕಬೇಕಾಗುತ್ತದೆ.

ಜಿಲ್ಲೆಗಳಿಗೂ ಇದೇ ತೊಡಕು. ರಾಮನಗರ, ಚಿಕ್ಕಬಳ್ಳಾಪುರ ಜಿಲ್ಲೆಗಳಾದದ್ದು 2007ರಲ್ಲಿ, ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ. 2001ರ ವರದಿಯಿಂದ ಕೋಲಾರದ ಅಂಕಿ, 2011ರ ವರದಿಯಿಂದ ಕೋಲಾರದ ಅಂಕಿ ತೆಗೆದು ಹೋಲಿಸಿದರೆ ಐದರಲ್ಲಿ ಎರಡು ಪಾಲು ಜನ ಮಾಯವಾದಂತೆ ಕಾಣುತ್ತದೆ. 2011ರ ಎ-2 ಪಟ್ಟಿಯಲ್ಲಿ ಹಿಂದಿನ ದಶಕಗಳ ಅಂಕಿಗಳನ್ನೆಲ್ಲ ಹೊಸ ಗಡಿಗೆ ಹೊಂದಿಸಿ ಕೊಟ್ಟಿದ್ದಾರೆ. ಅದನ್ನೇ ಬಳಸಿ.


ಉತ್ತರ: ಕರಾವಳಿ_ಅಂಕಿ

ಮೂರನೆಯದಕ್ಕೆ ಕಾರಣ ಸರಳ. ನಾಗರಿಕ ನೋಂದಣಿಯಲ್ಲಿ ಜನನ ದಾಖಲಾಗುವುದು ಮಗು ಎಲ್ಲಿ ಹುಟ್ಟಿತೋ ಅಲ್ಲಿ. ತಾಯಿಯ ಊರಿನಲ್ಲಲ್ಲ. ಈಗ ಹೆರಿಗೆಗಳು ಬಹುತೇಕ ಆಸ್ಪತ್ರೆಯಲ್ಲೇ ಆಗುವುದರಿಂದ ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು, ದೊಡ್ಡ ಖಾಸಗಿ ಆಸ್ಪತ್ರೆಗಳಿರುವ ತಾಲ್ಲೂಕಿನ ಲೆಕ್ಕ ಉಬ್ಬುತ್ತದೆ, ಸುತ್ತಲಿನವು ಬತ್ತುತ್ತವೆ. ಮಂಗಳೂರಿನ ಆಸ್ಪತ್ರೆಗಳಲ್ಲಿ ಕಾಸರಗೋಡಿನ ತಾಯಂದಿರೂ ಹೆರುತ್ತಾರೆ. ಆ ಮಕ್ಕಳ ತಾಯಂದಿರು ಭಾಜಕದಲ್ಲಿ, ಅಂದರೆ ದಕ್ಷಿಣ ಕನ್ನಡದ ಜನಸಂಖ್ಯೆಯಲ್ಲಿ, ಇಲ್ಲ. ಮೇಲೆ ಬೇರೆಯವರ ಮಕ್ಕಳು, ಕೆಳಗೆ ನಮ್ಮ ಜನ. ಆ ಭಾಗಾಕಾರಕ್ಕೆ ಅರ್ಥವಿಲ್ಲ.

ಇದರ ಮೇಲೆ ತವರಿನ ಬಾಣಂತನ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿ ಇನ್ನೂ ಗಟ್ಟಿಯಾಗಿದೆ. ಬೆಂಗಳೂರಿನಲ್ಲಿ ಸಂಸಾರ ಮಾಡುವವಳು ತವರೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಹೆತ್ತು, ಬಾಣಂತನ ಮುಗಿದ ಮೇಲೆ ಮಗುವಿನೊಂದಿಗೆ ವಾಪಸ್ ಹೋಗುತ್ತಾಳೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಗರ್ಭಿಣಿಯಾಗಿ ಎರಡು ಕಡೆ ಹೆಸರು ಬೀಳಬಹುದು, ಹೆರಿಗೆ ಒಂದೇ ಕಡೆ. ತಾಯಿ ಕಾರ್ಡಿನ ನೋಂದಣಿಯಿಂದ ಜನನ ಅಂದಾಜಿಸುವವರು ಇದನ್ನು ಗಮನಿಸಬೇಕು.

ಪರಿಹಾರ: ಜನನ ವರದಿ ನಮೂನೆಯಲ್ಲಿ ತಾಯಿಯ ವಾಸದ ಊರು ಬರೆಯುವ ಅಂಕಣ ಇರುತ್ತದೆ. ರಾಜ್ಯದ ಜನನ-ಮರಣ ನೋಂದಣಿ ತಂತ್ರಾಂಶವಾದ ಇ-ಜನ್ಮದ ದತ್ತಾಂಶವನ್ನು ಆ ಅಂಕಣದ ಪ್ರಕಾರ ವಿಂಗಡಿಸಿಕೊಡಲು ಜಿಲ್ಲಾ ಸಾಂಖ್ಯಿಕ ಕಚೇರಿಯನ್ನು ಬರವಣಿಗೆಯಲ್ಲಿ ಕೇಳಿ. ಅಲ್ಲಿಯೂ ಆಸ್ಪತ್ರೆ ಸಿಬ್ಬಂದಿ ತವರಿನ ವಿಳಾಸ ಬರೆದಿರುವ ಸಾಧ್ಯತೆ ಉಂಟು. ಒಂದು ತಿಂಗಳ ದಾಖಲೆಗಳನ್ನು ತೆಗೆದು ತಂದೆತಾಯಿಯ ಖಾಯಂ ವಿಳಾಸದೊಂದಿಗೆ ಹೋಲಿಸಿದರೆ ಎಷ್ಟು ಪಾಲು ಹೀಗಿದೆ ಎಂದು ತಿಳಿಯುತ್ತದೆ.

ಹುಟ್ಟಿದ ವರ್ಷ ಮತ್ತು ನೋಂದಣಿಯಾದ ವರ್ಷವನ್ನೂ ಬೇರೆ ಮಾಡಿ. ಮಾಹಿತಿ ಕೊಡಲು ಕಾನೂನಿನ ಅವಧಿ 21 ದಿನ. ವರ್ಷ ದಾಟಿದ ಪ್ರಕರಣಗಳಿಗೆ ಹಿಂದೆ ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಅದು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಹಂತಕ್ಕೆ ಬಂದಿದೆ. ಶಾಲೆಗೆ, ಪಾಸ್‌ಪೋರ್ಟಿಗೆ ಎಂದು ದೊಡ್ಡವರ ಹಳೆಯ ಜನನಗಳು ಈಗ ನೋಂದಣಿಯಾಗುತ್ತಿರುತ್ತವೆ. ನೋಂದಣಿ ವರ್ಷದಿಂದ ಎಣಿಸಿದರೆ ಅವೆಲ್ಲ ಈ ವರ್ಷದ ಶಿಶುಗಳಾಗಿಬಿಡುತ್ತವೆ.


ಹಳ್ಳಿಲೆಕ್ಕ

ಮೂವರಿಗೂ ವಂದನೆ. ನೋಂದಣಿಯನ್ನು ಬದಿಗಿಟ್ಟು 2011ರ ಗಣತಿಯಿಂದಲೇ ತಾಲ್ಲೂಕಿನ ಜನನ ಪ್ರಮಾಣ ತೆಗೆಯಲು ದಾರಿ ಇದೆಯೇ? ತಾಲ್ಲೂಕಿಗೆ ಟಿಎಫ್‌ಆರ್ ಬೇಕು ಎಂದೂ ಮೇಲಧಿಕಾರಿಗಳು ಕೇಳುತ್ತಿದ್ದಾರೆ. ಮರಣ ಪ್ರಮಾಣವನ್ನು ಆರೋಗ್ಯದ ಸೂಚಕವಾಗಿ ಹಾಕಬಹುದೇ?


ಉತ್ತರ: ತುಂಗಾತೀರ

ದಾರಿ ಇದೆ. ಬದುಕಿರುವ ಮಕ್ಕಳಿಂದ ಹಿಂದಕ್ಕೆ ಹೋಗಿ ಜನನಗಳನ್ನು ಅಂದಾಜಿಸುವುದು. ಪಿಸಿಎಯಲ್ಲಿ 0-6 ವಯಸ್ಸಿನ ಮಕ್ಕಳ ಸಂಖ್ಯೆ ಹಳ್ಳಿ ಮಟ್ಟದವರೆಗೂ ಇದೆ.

ಮೇಲಿನ ಕಾಲ್ಪನಿಕ ತಾಲ್ಲೂಕಿನಲ್ಲೇ 24,000 ಮಕ್ಕಳಿದ್ದಾರೆ ಎನ್ನಿ. ಹುಟ್ಟಿದವರಲ್ಲಿ ಶೇ. 96 ಉಳಿದಿದ್ದಾರೆ ಎಂದು ಹಿಡಿದರೆ ಹುಟ್ಟಿದವರು 25,000. ಇದನ್ನು ಏಳರಿಂದ ಭಾಗಿಸಬೇಕು. ಆರರಿಂದ ಅಲ್ಲ. 0-6 ಎಂದರೆ ಸೊನ್ನೆ, ಒಂದು, ಎರಡು ಎಂದು ಆರು ತುಂಬಿ ಏಳು ತುಂಬದವರವರೆಗೆ, ಏಳು ವರ್ಷಗಳ ಜನನ. ವರ್ಷಕ್ಕೆ 3,571. ಆ ಏಳು ವರ್ಷಗಳ ನಡುಬಿಂದು ಗಣತಿಗಿಂತ ಮೂರೂವರೆ ವರ್ಷ ಹಿಂದೆ, 2007ರ ಸೆಪ್ಟೆಂಬರ್. ಆಗಿನ ಜನಸಂಖ್ಯೆ ಸುಮಾರು 2,06,500. ಭಾಗಿಸಿದರೆ ಸಾವಿರಕ್ಕೆ 17.3. ಯಾರಾದರೂ ಆರರಿಂದ ಭಾಗಿಸಿದ್ದರೆ 20.2 ಬರುತ್ತಿತ್ತು, ಇಡೀ ತಾಲ್ಲೂಕು ಹಿಂದುಳಿದಂತೆ ಕಾಣುತ್ತಿತ್ತು. ಸಿಕ್ಕಿದ್ದು 2007ರ ದರ, 2011ರದ್ದಲ್ಲ ಎಂಬುದನ್ನೂ ಪಟ್ಟಿಯ ತಲೆಬರಹದಲ್ಲೇ ಬರೆಯಿರಿ.

ಇನ್ನೊಂದು ಎಚ್ಚರಿಕೆ. ತಾತ್ಕಾಲಿಕ ಅಂಕಿ ಬೇಡ, ಅಂತಿಮ ಅಂಕಿ ಬಳಸಿ. 2011ರ ತಾತ್ಕಾಲಿಕ ವರದಿಯಲ್ಲಿ ರಾಜ್ಯದ 0-6 ಮಕ್ಕಳು 68.56 ಲಕ್ಷ, ಅಂತಿಮ ಅಂಕಿಯಲ್ಲಿ 71.61 ಲಕ್ಷ. 2001ರಲ್ಲಿ 71.82 ಲಕ್ಷ. ತಾತ್ಕಾಲಿಕದೊಂದಿಗೆ ಹೋಲಿಸಿದರೆ ಮೂರು ಲಕ್ಷಕ್ಕೂ ಹೆಚ್ಚು ಕುಸಿತ, ಅಂತಿಮದೊಂದಿಗೆ ಹೋಲಿಸಿದರೆ ಸುಮಾರು ಇಪ್ಪತ್ತು ಸಾವಿರ. ಅಂತರ್ಜಾಲದ ಬಹಳಷ್ಟು ಪುಟಗಳಲ್ಲಿ ಇವತ್ತಿಗೂ ತಾತ್ಕಾಲಿಕ ಅಂಕಿಯೇ ಉಳಿದುಕೊಂಡಿದೆ. ಗಮನಿಸಿ: ಹತ್ತು ವರ್ಷದಲ್ಲಿ ರಾಜ್ಯದ ಒಟ್ಟು ಜನ 82 ಲಕ್ಷ ಹೆಚ್ಚಿದರೂ ಚಿಕ್ಕ ಮಕ್ಕಳು ಒಬ್ಬರೂ ಹೆಚ್ಚಲಿಲ್ಲ. ಅಂಗನವಾಡಿ ಕಟ್ಟಡ ಎಷ್ಟು ಬೇಕು ಎಂದು ಒಟ್ಟು ಜನಸಂಖ್ಯೆಯ ಏರಿಕೆಯಿಂದ ತೀರ್ಮಾನಿಸುವುದು ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಟಿಎಫ್‌ಆರ್ ಬಗ್ಗೆ. ಅದನ್ನು ತೆಗೆಯಲು 15-19ರಿಂದ 45-49ರವರೆಗೆ ಏಳು ವಯೋಗುಂಪುಗಳಲ್ಲಿ ಪ್ರತಿ ಸಾವಿರ ಮಹಿಳೆಯರಿಗೆ ವರ್ಷಕ್ಕೆ ಎಷ್ಟು ಜನನ ಎಂದು ಬೇಕು. ಮಾದರಿಗೆ 30, 140, 110, 40, 12, 3, 1 ಎಂದಿಟ್ಟುಕೊಳ್ಳಿ. ಮೊತ್ತ 336. ಪ್ರತಿ ಗುಂಪಿನಲ್ಲಿ ಮಹಿಳೆ ಐದು ವರ್ಷ ಕಳೆಯುವುದರಿಂದ ಐದರಿಂದ ಗುಣಿಸಿ 1,680, ಸಾವಿರದಿಂದ ಭಾಗಿಸಿ 1.68. ಸೂತ್ರ ಸುಲಭ, ಅಂಕಿ ಸಿಗುವುದಿಲ್ಲ. ಮಹಿಳೆಯರ ಐದೈದು ವರ್ಷದ ವಯೋಗುಂಪು ಜನಗಣತಿಯ ಸಿ-14 ಪಟ್ಟಿಯಲ್ಲಿ ಜಿಲ್ಲೆ ಮಟ್ಟಕ್ಕೆ ಇದೆ. ಕುಟುಂಬ ಸಮೀಕ್ಷೆಯ ಜಿಲ್ಲಾ ಪಟ್ಟಿಯಲ್ಲಂತೂ ಟಿಎಫ್‌ಆರ್ ಕೊಡುವುದೇ ಇಲ್ಲ. ಜಿಲ್ಲೆಯ ಮಾದರಿ ಅದಕ್ಕೆ ಸಾಲದು. ತಾಲ್ಲೂಕಿಗೆ ಟಿಎಫ್‌ಆರ್ ಕೇಳಿದರೆ ಕೊಡಬೇಡಿ. ಬದಲಿಗೆ 0-6 ಮಕ್ಕಳು ಒಟ್ಟು ಜನಸಂಖ್ಯೆಯ ಶೇಕಡ ಎಷ್ಟು ಎಂದು ಕೊಡಿ, ರಾಜ್ಯದ್ದು 2011ರಲ್ಲಿ 11.7.

ರಾಜ್ಯ ಮಟ್ಟದಲ್ಲೂ ನಾಲ್ಕನೇ ಸುತ್ತಿನ 1.8 ಐದರಲ್ಲಿ 1.7 ಆದದ್ದನ್ನು ದೊಡ್ಡ ಸುದ್ದಿ ಮಾಡಬೇಡಿ. ಇದು ಸಮೀಕ್ಷೆಗೆ ಹಿಂದಿನ ಮೂರು ವರ್ಷಗಳ ಜನನಗಳನ್ನು ಮಹಿಳೆಯರಿಂದಲೇ ಕೇಳಿ ತೆಗೆದ ಅಂಕಿ, ಮಾದರಿ ದೋಷ ಇದ್ದೇ ಇರುತ್ತದೆ. ಇಂಥ ಸಮೀಕ್ಷೆಗಳಲ್ಲಿ ತಿಳಿದವರು ಹುಡುಕುವ ಇನ್ನೊಂದು ದೋಷವೂ ಉಂಟು. ಐದು ವರ್ಷದೊಳಗಿನ ಮಗುವಿದ್ದರೆ ಲಸಿಕೆ, ಭೇದಿ, ತೂಕ, ಆಹಾರ ಎಂದು ಪುಟಗಟ್ಟಲೆ ಪ್ರಶ್ನೆ ಕೇಳಬೇಕು. ಸುಸ್ತಾದ ಸಮೀಕ್ಷಕಿ ನಾಲ್ಕು ವರ್ಷ ಹತ್ತು ತಿಂಗಳ ಮಗುವನ್ನು ಐದು ದಾಟಿದ್ದು ಎಂದು ಬರೆದರೆ ಆ ಪುಟಗಳೆಲ್ಲ ತಪ್ಪುತ್ತವೆ. ಹುಟ್ಟಿದ ವರ್ಷವಾರು ಜನನಗಳನ್ನು ಸಾಲಾಗಿ ಇಟ್ಟು ನೋಡಿದಾಗ ಗಡಿಯ ಈಚೆ ತಗ್ಗು, ಆಚೆ ದಿಬ್ಬ ಕಂಡರೆ ಇದೇ ಕಾರಣ.

ಎಸ್‌ಆರ್‌ಎಸ್‌ನ ಬಲ ಇರುವುದು ಎರಡು ಕಣ್ಣಿನ ಪದ್ಧತಿಯಲ್ಲಿ. ಆಯ್ದ ಘಟಕದಲ್ಲಿ ಅರೆಕಾಲಿಕ ಗಣತಿದಾರರು ಜನನ ಮರಣಗಳನ್ನು ಆಗಿಂದಾಗ್ಗೆ ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಆ ಪುಸ್ತಕ ನೋಡದೆ ಸ್ವತಂತ್ರವಾಗಿ ಮನೆಮನೆ ಕೇಳುತ್ತಾರೆ. ಎರಡನ್ನೂ ತಾಳೆ ನೋಡಿ, ಹೊಂದದ್ದನ್ನು ಮತ್ತೆ ಊರಿಗೆ ಹೋಗಿ ಪರಿಶೀಲಿಸುತ್ತಾರೆ. ದೇಶಾದ್ಯಂತ ಸುಮಾರು 8,800 ಘಟಕಗಳು. ರಾಜ್ಯಕ್ಕೆ ಇದು ಚೆನ್ನಾಗಿ ನಿಲ್ಲುತ್ತದೆ, ತಾಲ್ಲೂಕಿಗೆ ಏನೂ ಹೇಳುವುದಿಲ್ಲ.

ಮರಣ ಪ್ರಮಾಣವನ್ನು ಆರೋಗ್ಯದ ಸೂಚಕವಾಗಿ ಹಾಕಲೇಬೇಡಿ. 2020ರ ಎಸ್‌ಆರ್‌ಎಸ್‌ನಲ್ಲಿ ಕೇರಳದ ಮರಣ ಪ್ರಮಾಣ 7.0, ಬಿಹಾರದ್ದು 5.4. ಬಿಹಾರದ ಆರೋಗ್ಯ ಮೇಲು ಎಂದು ಯಾರೂ ಹೇಳಲಾರರು: ಶಿಶು ಮರಣ ಪ್ರಮಾಣ ಕೇರಳದಲ್ಲಿ 6, ಬಿಹಾರದಲ್ಲಿ 27. ಕೇರಳದಲ್ಲಿ ವಯಸ್ಸಾದವರು ಹೆಚ್ಚು, ಆದ್ದರಿಂದ ಸಾವೂ ಹೆಚ್ಚು. ಯುವಕರು ವಲಸೆ ಹೋಗಿ ಮುದುಕರು ಉಳಿದ ಮಲೆನಾಡಿನ ತಾಲ್ಲೂಕಿಗೂ ಇದೇ ಆಗುತ್ತದೆ.


ಉತ್ತರ: ಗಣತಿಪ್ರಿಯ

ಮಲೆನಾಡಿನ ಮಾತು ಬಂದದ್ದರಿಂದ ವಲಸೆಯ ಲೆಕ್ಕ ಸೇರಿಸುತ್ತೇನೆ. 2001-11ರಲ್ಲಿ ಬೆಂಗಳೂರು ನಗರ ಜಿಲ್ಲೆ 65.37 ಲಕ್ಷದಿಂದ 96.22 ಲಕ್ಷಕ್ಕೆ ಏರಿತು, ಶೇ. 47. ಅದೇ ದಶಕದಲ್ಲಿ ಚಿಕ್ಕಮಗಳೂರು 11,40,905ರಿಂದ 11,37,961ಕ್ಕೆ ಇಳಿಯಿತು. ಅಲ್ಲಿ ಸಾವು ಜನನಕ್ಕಿಂತ ಹೆಚ್ಚಾಗಿರಲಿಲ್ಲ, ಜನ ಹೊರಟುಹೋದರು. ಸಮೀಕರಣ ಇಷ್ಟೇ: ಎರಡು ಗಣತಿಗಳ ವ್ಯತ್ಯಾಸದಿಂದ ಜನನ ಕಳೆದು, ಮರಣ ಕೂಡಿಸಿದರೆ ಉಳಿಯುವುದು ನಿವ್ವಳ ವಲಸೆ. ತುಂಗಾತೀರ ಅವರು ಹೇಳಿದಂತೆ ಬದುಕಿರುವ ಮಕ್ಕಳಿಂದ ಅಂದಾಜಿಸಿದ ಜನನವನ್ನು ಇಲ್ಲಿ ಬಳಸಬಹುದು. ಆದರೆ ಗಣತಿಯ ಎಣಿಕೆ ತಪ್ಪುಗಳೆಲ್ಲ ಈ ಉಳಿಕೆಯೊಳಗೇ ಬಂದು ಕೂರುತ್ತವೆ. 2011ರ ಮರುಪರಿಶೀಲನಾ ಸಮೀಕ್ಷೆಯಲ್ಲಿ ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ದರು ಎಂದು ಕಂಡುಬಂದಿತ್ತು. ಆದ್ದರಿಂದ ನಿವ್ವಳ ವಲಸೆ ಶೇ. 2ರೊಳಗೆ ಬಂದರೆ ಅದರ ಮೇಲೆ ವಾದ ಕಟ್ಟಬೇಡಿ.

ಮತದಾರರ ಪಟ್ಟಿ, ಪಡಿತರ ಚೀಟಿಗಳಿಂದ ಇಂದಿನ ಜನಸಂಖ್ಯೆ ತೆಗೆಯುವುದನ್ನೂ ಕಾಣುತ್ತೇವೆ. ಬೆಂಗಳೂರಿನಲ್ಲಿ ದುಡಿಯುವವರ ವೋಟು ಊರಲ್ಲೇ ಇರುತ್ತದೆ, ತೀರಿಕೊಂಡವರ ಹೆಸರು ಬೇಗ ಹೋಗುವುದಿಲ್ಲ. ಅದಕ್ಕಿಂತ ಒಂದನೇ ತರಗತಿಯ ದಾಖಲಾತಿ, ಸರ್ಕಾರಿ ಮತ್ತು ಖಾಸಗಿ ಶಾಲೆ ಎರಡನ್ನೂ ಕೂಡಿಸಿದ್ದು, ಒಳ್ಳೆಯ ಅಡ್ಡಪರೀಕ್ಷೆ. ಸರ್ಕಾರಿ ಶಾಲೆಯದ್ದನ್ನು ಮಾತ್ರ ನೋಡಿದರೆ ಮಕ್ಕಳು ಕಡಿಮೆಯಾದರೋ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೋ ತಿಳಿಯುವುದಿಲ್ಲ.

ಗ್ರಾಮೀಣ ಜನಸಂಖ್ಯೆ ಒಮ್ಮೆಲೇ ಇಳಿದಂತೆ ಕಂಡರೆ ಗಣತಿ ಪಟ್ಟಣಗಳ ಪಟ್ಟಿ ನೋಡಿ. 5,000 ಜನ, ಚದರ ಕಿಲೋಮೀಟರಿಗೆ 400 ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಕೃಷಿಯ ಹೊರಗೆ, ಈ ಮೂರೂ ಇದ್ದರೆ ಗ್ರಾಮ ಪಂಚಾಯಿತಿಯೇ ಇರುವ ಊರೂ ಗಣತಿಯಲ್ಲಿ ನಗರವಾಗುತ್ತದೆ.


ಉತ್ತರ: ಮಧ್ಯವರ್ಷ

ಇನ್ನು ಬರಲಿರುವ ಗಣತಿಯ ಬಗ್ಗೆ. ಅದರ ಉಲ್ಲೇಖ ಕ್ಷಣ 2027ರ ಮಾರ್ಚ್ 1ರ ನಡುರಾತ್ರಿ ಸೊನ್ನೆ ಗಂಟೆ. ಲಡಾಖ್ ಮತ್ತು ಜಮ್ಮು-ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಹಿಮ ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1. ಅಂಕಿ ಬಂದಾಗ 2011ರಿಂದ ಅಂತರ 16 ವರ್ಷ. ಒಂದು ತಾಲ್ಲೂಕು ಶೇ. 13 ಹೆಚ್ಚಿದೆ ಎಂದುಕೊಳ್ಳಿ. ಅದನ್ನು ಹಿಂದಿನ ದಶಕದ ಶೇ. 13ರ ಪಕ್ಕಕ್ಕೆ ಇಟ್ಟರೆ ಬೆಳವಣಿಗೆ ಬದಲಾಗಿಲ್ಲ ಎಂದು ಓದಿಕೊಳ್ಳುತ್ತಾರೆ. 1.13ರ ಲಾಗ್ 0.1222, ಹದಿನಾರರಿಂದ ಭಾಗಿಸಿದರೆ ವರ್ಷಕ್ಕೆ ಶೇ. 0.76. ಹತ್ತು ವರ್ಷಕ್ಕೆ ಪರಿವರ್ತಿಸಿದರೆ ಶೇ. 7.9 ಮಾತ್ರ. ನಿಮ್ಮ ಹಾಳೆಯಲ್ಲಿ ವರ್ಷಗಳ ಅಂತರಕ್ಕೆ ಈಗಲೇ ಬೇರೆ ಅಂಕಣ ಇಡಿ. ಸೂತ್ರದೊಳಗೆ 10 ಎಂದು ಬರೆದಿಟ್ಟರೆ ಆ ದಿನ ಎಲ್ಲ ತಪ್ಪಾಗುತ್ತದೆ.

ಇದು ಬರೀ ಟಿಪ್ಪಣಿಯ ಲೆಕ್ಕವಲ್ಲ. ಲೋಕಸಭಾ ಸ್ಥಾನಗಳ ರಾಜ್ಯವಾರು ಹಂಚಿಕೆ 1971ರ ಜನಸಂಖ್ಯೆಯ ಮೇಲೆ ನಿಂತಿದೆ. ಸಂವಿಧಾನದ 84ನೇ ತಿದ್ದುಪಡಿಯ ಪ್ರಕಾರ 2026ರ ನಂತರದ ಮೊದಲ ಗಣತಿಯವರೆಗೆ ಅದನ್ನು ಬದಲಿಸುವಂತಿಲ್ಲ. ಆಂಧ್ರಪ್ರದೇಶ 2024ರಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ನಿಲ್ಲುವಂತಿಲ್ಲ ಎಂದಿದ್ದ ನಿಯಮವನ್ನೇ ತೆಗೆದುಹಾಕಿತು. ಇಂಥ ಹೊತ್ತಿನಲ್ಲಿ ಜನಸಂಖ್ಯಾ ಸ್ಫೋಟ ಎಂಬ ಎಪ್ಪತ್ತರ ದಶಕದ ಮಾತನ್ನು ಜಿಲ್ಲಾ ವರದಿಗಳ ಪೀಠಿಕೆಯಲ್ಲಿ ಇನ್ನೂ ನಕಲು ಮಾಡುತ್ತಿರುವುದು ನೋವಿನ ಸಂಗತಿ. ತಾಂತ್ರಿಕ ಗುಂಪಿನ ಅಂದಾಜಿನಂತೆ ದೇಶದಲ್ಲಿ 60 ದಾಟಿದವರು 2011ರಲ್ಲಿ ಸುಮಾರು 10 ಕೋಟಿ, 2036ಕ್ಕೆ ಸುಮಾರು 23 ಕೋಟಿ. ಫಲವತ್ತತೆ ಬೇಗ ಇಳಿದ ದಕ್ಷಿಣದ ರಾಜ್ಯಗಳಲ್ಲಿ ಅವರ ಪಾಲು ದೇಶದ ಸರಾಸರಿಗಿಂತ ಹೆಚ್ಚಿರುತ್ತದೆ.

ಹಾಗಾಗಿ ಟಿಪ್ಪಣಿಯಲ್ಲಿ ಅಂಗನವಾಡಿಯ ಪಕ್ಕದಲ್ಲೇ ಇನ್ನೊಂದು ಸಾಲು ಹಾಕಿ: 60 ದಾಟಿದವರು ಎಷ್ಟು, ಅವರಲ್ಲಿ ಒಂಟಿ ಮಹಿಳೆಯರು ಎಷ್ಟು. 60 ದಾಟಿದವರ ಜಿಲ್ಲೆಯ ಪಾಲನ್ನು ಸಿ-14ರಿಂದ ತೆಗೆದು ತಾಲ್ಲೂಕಿಗೆ ಅನ್ವಯಿಸಬಹುದು. ಒಂದೊಂದೇ ವರ್ಷದ ವಯಸ್ಸಿನ ಪಟ್ಟಿ, ಸಿ-13, ಬಳಸುವುದಾದರೆ ಮೊದಲು ವಯಸ್ಸಿನ ಗುಡ್ಡೆಗಳನ್ನು ಪರೀಕ್ಷಿಸಿ. ನಮ್ಮಲ್ಲಿ ವಯಸ್ಸು ಕೇಳಿದರೆ ಐವತ್ತು, ಅರವತ್ತು ಎಂದು ಸುಮಾರಾಗಿ ಹೇಳುತ್ತಾರೆ. ಈ ಗುಡ್ಡೆಯನ್ನು ಅಳೆಯುವ ವಿಪಲ್ ಸೂಚ್ಯಂಕಕ್ಕೆ 23ರಿಂದ 62ರವರೆಗಿನ ಜನರಲ್ಲಿ 0 ಮತ್ತು 5ರಿಂದ ಕೊನೆಯಾಗುವ ವಯಸ್ಸಿನವರನ್ನು ಕೂಡಿಸಿ, ಐದರಿಂದ ಗುಣಿಸಿ, ಆ ವ್ಯಾಪ್ತಿಯ ಒಟ್ಟು ಜನರಿಂದ ಭಾಗಿಸಿ, ನೂರರಿಂದ ಗುಣಿಸಿ. 100 ಬಂದರೆ ಗುಡ್ಡೆ ಇಲ್ಲ, 500 ಬಂದರೆ ಎಲ್ಲರೂ ದುಂಡು ಸಂಖ್ಯೆಯನ್ನೇ ಹೇಳಿದ್ದಾರೆ. 60ರ ಗುಡ್ಡೆಯಲ್ಲಿ 58, 59ರವರೂ ಇರುತ್ತಾರೆ. ವೃದ್ಧಾಪ್ಯ ವೇತನದ ಫಲಾನುಭವಿಗಳ ಅಂದಾಜು ಇಲ್ಲಿಯೇ ಹೆಚ್ಚಾಗಿ ಹೋಗುವುದು, 60ರ ಒಂದು ಸಾಲನ್ನು ಮಾತ್ರ ಎತ್ತಿಕೊಳ್ಳದೆ 55-59, 60-64 ಎರಡೂ ಗುಂಪನ್ನು ಒಟ್ಟಿಗೆ ಇಟ್ಟು ನೋಡಿ.